ಹರಿಗೋಲು ಬಾಟಲಿ ಓದುತ್ತಿದ್ದವರು

ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ನಾನು ಈಗ ನೀರು ಕುಡಿಯುವುದಿಲ್ಲ. ಸ್ಟೀಲ್ ಲೋಟವಾದರೂ ಕೈ ತಾನಾಗಿ ಮೇಲೆ ಹೋಗುತ್ತದೆ. ಸ್ಟೀಲಿನೊಳಗೆ ಏನು ಕಾಣುತ್ತದೆ, ಮಣ್ಣು! ಹೆಂಡತಿ ಬೈಯುತ್ತಾಳೆ. ಮದುವೆ ಮನೆಗಳಲ್ಲಿ ನೀರು ಕೊಡುವವರು ಮುಖ ಸಿಂಡರಿಸುತ್ತಾರೆ, ಇವನೇನು ನಮ್ಮ ನೀರಿನಲ್ಲಿ ಹುಳ ಹುಡುಕುತ್ತಾನೆ ಅಂತ. ಹುಳ ಹುಡುಕುವುದಲ್ಲ. ಇದು ಚಾಚಾ ನನಗೆ ಅಂಟಿಸಿ ಹೋದ ಚಟ.

ಅವರು ತೀರಿಕೊಂಡು ಇನ್ನೂ ನಲವತ್ತನೆಯ ದಿನದ ಫಾತಿಹಾ ಕೂಡ ಆಗಿಲ್ಲ. ಮಣ್ಣು ಮುಗಿಸಿ ಬಂದ ಸಂಜೆ ಅವರ ಮಗ ನನ್ನ ಪ್ರೆಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂತ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ಅಣ್ಣಾರ, ನೀವು ಅಬ್ಬಾರ ಮ್ಯಾಲ ಏನರ ಬರೀತೀರಿ ಅಂತ ನನಗ ಗೊತ್ತೈತಿ. ಬರೀರಿ. ಆದ್ರ ಅವರ ಹೆಸರು ಬೀರಿನ ಬಾಜೂಕ ಬರೋದು ಬ್ಯಾಡ."

ಅವನು ಕೆಟ್ಟವನಲ್ಲ. ಗಂಗಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಐದು ಹೊತ್ತು ನಮಾಜು ಮಾಡಿಕೊಂಡು, ಮಾನದಿಂದ ಬದುಕುತ್ತಿರುವವನು. ಅಪ್ಪನ ಬಾಟಲಿ ಹುಚ್ಚು ಅವನಿಗೆ ಚಿಕ್ಕಂದಿನಿಂದಲೂ ಮುಜುಗರ. ಆಗಲಪ್ಪ ಅಂದೆ. ಅದಕ್ಕೇ ಇಲ್ಲಿ ಹೆಸರಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಚಾಚಾ ಅಂದರೆ ಸಾಕು. ನಾನು ಅವರನ್ನು ಕರೆದದ್ದೂ ಹಾಗೆಯೇ.

ಮುನಿರಾಬಾದಿನ ಡ್ಯಾಮಿನ ಕೆಳಗೆ, ನದಿಗೆ ಬೆನ್ನು ಕೊಟ್ಟು, ಹಿಂದೆ ಒಂದು ಬಿಯರ್ ಕಾರ್ಖಾನೆ ಇತ್ತು. ಈಗ ಹುಡುಕಿಕೊಂಡು ಹೋದರೆ ಒಂದು ಉದ್ದನೆಯ ಗೋಡೆ, ಒಂದು ಖಾಲಿ ನೀರಿನ ಟ್ಯಾಂಕು, ಸುತ್ತ ಜಾಲಿ ಕಂಟಿ. ಡ್ಯಾಮಿನ ಗುತ್ತಿಗೆ ಕೆಲಸಕ್ಕೆಂದು ಹೈದರಾಬಾದಿನ ಕಡೆಯಿಂದ ಬಂದ ಒಬ್ಬ ಸೇಠ್ ಅದನ್ನು ಕಟ್ಟಿಸಿದ್ದ. ಕೆಲಸ ಮುಗಿದ ಮೇಲೆ ಬೇರೆ ಗುತ್ತಿಗೆದಾರರೆಲ್ಲ ಗಂಟುಮೂಟೆ ಕಟ್ಟಿದರು, ಇವನು ಮಾತ್ರ ಕೂತು ಯೋಚನೆ ಮಾಡಿದನಂತೆ. ನೀರು ಬೇಕಾದಷ್ಟಿದೆ. ಕಾಲುವೆ ಬಂದ ಮೇಲೆ ಗಂಗಾವತಿ, ಸಿದ್ದಾಪುರದ ಕಡೆ ಎಲ್ಲಿ ನೋಡಿದರೂ ಭತ್ತ, ಹೆಜ್ಜೆಗೊಂದು ರೈಸ್ ಮಿಲ್ಲು. ಮಿಲ್ಲಿನಲ್ಲಿ ಉಳಿಯುವ ನುಚ್ಚಕ್ಕಿಯನ್ನು ಕೋಳಿಗೆ ಹಾಕುತ್ತಿದ್ದರು. ಬಿಯರಿಗೆ ಬಾರ್ಲಿಯ ಜೊತೆ ನುಚ್ಚು ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ, ಖರ್ಚೂ ಕಡಿಮೆ. ಬಾರ್ಲಿ ಉತ್ತರದಿಂದ ರೈಲಿನಲ್ಲಿ ಬಂತು, ನುಚ್ಚು ನಮ್ಮೂರು ಗಂಗಾವತಿಯಿಂದ ಲಾರಿಯಲ್ಲಿ ಹೋಯಿತು. ಹೆಸರಿಗೆ ಅವನು ಎಲ್ಲೂ ಹುಡುಕಲಿಲ್ಲ. ಕಾರ್ಖಾನೆಯ ಹಿಂದೆ ದಿನಾ ಹೊಳೆ ದಾಟುತ್ತಿದ್ದದ್ದನ್ನೇ ಇಟ್ಟ: ಹರಿಗೋಲು. ಲೇಬಲ್ಲಿನ ನಡುವೆ ದುಂಡನೆಯ ಹರಿಗೋಲು, ಒಂದು ಹುಟ್ಟು, ಕೆಳಗೆ ನೀರಿನ ಎರಡು ಗೆರೆ. ಅದೇ ಗುರುತು ಬಾಟಲಿಯ ಹೆಗಲ ಮೇಲೆ ಗಾಜಿನಲ್ಲೂ ಉಬ್ಬಿಕೊಂಡಿರುತ್ತಿತ್ತು.

ಆ ಲೇಬಲ್ಲು ಅಚ್ಚಾಗುತ್ತಿದ್ದದ್ದು ನಮ್ಮ ಪ್ರೆಸ್ಸಿನಲ್ಲಿ. ಅಪ್ಪನ ಕಾಲದ ಮಾತು. ನಾನು ಶಾಲೆ ಬಿಟ್ಟು ಬಂದರೆ ಹಸಿ ಶಾಯಿಯ ಹರಿಗೋಲುಗಳು ದಾರದ ಮೇಲೆ ಸಾಲಾಗಿ ಒಣಗುತ್ತಿರುತ್ತಿದ್ದವು. ಊರಿನ ಹುಡುಗರೆಲ್ಲ ಆ ಬಾಟಲಿಯ ಬಿಲ್ಲೆಗಳನ್ನು ಚಪ್ಪಟೆ ಮಾಡಿ ಆಡಿದವರೇ. ಅಪ್ಪ ಹೆಂಡ ಮುಟ್ಟದ ಮನುಷ್ಯ, ಆದರೆ ಮಗ್ಗಿಯ ಹಾಗೆ ಆ ಲೇಬಲ್ಲಿನ ಅಳತೆ ಹೇಳುತ್ತಿದ್ದ. ಎಲ್ಲಿಯ ಬಿಯರು, ಎಲ್ಲಿಯ ನಾವು! ಆದರೂ ಅದರ ದುಡಿಮೆಯಲ್ಲೇ ನಮ್ಮ ಮನೆಗೆ ಹಂಚು ಹೋಗಿ ಆರ್‌ಸಿಸಿ ಬಂತು.

ಚಾಚಾ ಆ ಕಾರ್ಖಾನೆಯಲ್ಲಿ ಬಾಟಲಿ ನೋಡುವವರು. ಇದೂ ಒಂದು ಕೆಲಸವೇ ಅಂತ ನಕ್ಕವರಲ್ಲಿ ನಾನೂ ಒಬ್ಬ. ಒಂದು ಬಿಳಿ ದೀಪದ ಪರದೆ, ಅದರ ಮುಂದೆ ಒಂದು ಸ್ಟೂಲು. ತುಂಬಿದ ಬಾಟಲಿಗಳು ಒಂದರ ಹಿಂದೆ ಒಂದು ದೀಪದ ಮುಂದೆ ಹಾದು ಹೋಗಬೇಕು. ಒಳಗೆ ಕಸ, ಕಡ್ಡಿ, ಸೀಳು, ಮಡ್ಡಿ, ಏನಾದರೂ ಕಂಡರೆ ಕ್ಷಣದಲ್ಲಿ ಕೈ ಹಾಕಿ ತೆಗೆದು ಬದಿಯ ಹಲಗೆಯ ಮೇಲೆ ಅಡ್ಡ ಮಲಗಿಸಬೇಕು. ನಿಂತದ್ದು ಪಾಸು, ಮಲಗಿದ್ದು ಫೇಲು. ಸ್ವಲ್ಪ ಹೊತ್ತಿಗೇ ಕಣ್ಣು ಕತ್ತಲೆ ಬರುತ್ತದೆಂದು ಆಳು ಬದಲಾಯಿಸುತ್ತಿದ್ದರಂತೆ. ಇವರು ಮಾತ್ರ ಬೇರೆಯವರ ಪಾಳಿಯನ್ನೂ ತಾವೇ ಕೂರುತ್ತಿದ್ದರು. ಯಾಕೆ ಅಂತ ಕೇಳಿದರೆ, ಅಲ್ಲಿ ಕೂತರೆ ಯಾರೂ ಮಾತಾಡಿಸುವುದಿಲ್ಲ ಅನ್ನುತ್ತಿದ್ದರು.

ಆ ಕೆಲಸ ಅವರ ಮೈಗೆ ಹತ್ತಿಬಿಟ್ಟಿತ್ತು. ಸಿದ್ದಾಪುರದಲ್ಲಿ ಒಂದು ಮದುವೆ. ಬೀಗರಿಗೆಲ್ಲ ಶರಬತ್ತು ಕೊಟ್ಟರು. ಚಾಚಾ ತಮ್ಮ ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದರು, ಒಳಗೆ ಒಂದು ಇರುವೆ. ಅಷ್ಟೇ, ಕೈ ತನ್ನ ಕೆಲಸ ಮಾಡಿತು. ಲೋಟವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದರು. ಶರಬತ್ತೆಲ್ಲ ಹರಿದು ಪಕ್ಕದಲ್ಲಿ ಕೂತಿದ್ದ ವರನ ತಂದೆಯ ಶೇರವಾನಿಯ ಮೇಲೆ. ಆ ಬೀಗರು ಆಮೇಲೆ ಎಷ್ಟೋ ವರ್ಷ ಇವರನ್ನು ಮಾತಾಡಿಸಲಿಲ್ಲ. ಈ ಕಥೆಯನ್ನು ಚಾಚಾ ತಾವೇ ಹೇಳುತ್ತಿದ್ದರು, ನಗದೆ.

ನಗು ಅವರಿಗೆ ಕಡಿಮೆ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಬೆಳ್ಳಗಿನ ಗಡ್ಡ, ಸದಾ ಒದ್ದೆಯಾಗಿರುತ್ತಿದ್ದ ಕಣ್ಣು. ಕಾರ್ಖಾನೆ ಮುಚ್ಚಿದ ಮೇಲೆ ಗಂಗಾವತಿಗೆ ಬಂದು ಮಗನ ಜೊತೆ ಇದ್ದರು. ದಿನಾ ಬೆಳಿಗ್ಗೆ ನನ್ನ ಪ್ರೆಸ್ಸಿಗೆ ಬಂದು, ಅಚ್ಚಾದ ಹಾಳೆಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡುವುದು ಅವರ ಕಾಲಕ್ಷೇಪ. ಓದುತ್ತಿರಲಿಲ್ಲ. ಶಾಯಿ ಎಲ್ಲಿ ತೆಳುವಾಗಿದೆ, ಕಾಗದ ಎಲ್ಲಿ ಸೀಳಿದೆ ಅಷ್ಟೇ. ಮದುವೆ ಕಾರ್ಡು ಹಾಕಿಸಲು ಬಂದವರು ವರನನ್ನು ಹೊಗಳುತ್ತಿದ್ದರೆ ಮೂಲೆಯಿಂದ ಒಂದು ಮಾತು ಬರುತ್ತಿತ್ತು: "ಬೆಳಕಿಗೆ ಹಿಡದು ನೋಡೀರಿಲ್ಲೋ?" ಗಿರಾಕಿಗಳಿಗೆ ಸಿಟ್ಟು ಬರುತ್ತಿತ್ತು. ನನಗೂ ಎಷ್ಟೋ ಸಲ ತಲೆ ಕೆಟ್ಟಿದೆ. ವ್ಯಾಪಾರದ ಜಾಗ ಇದು ಚಾಚಾ, ಸ್ವಲ್ಪ ಬಾಯಿ ಮುಚ್ಚಿಕೊಂಡು ಕೂತ್ಕೋರಿ ಅಂತ ಬೈದಿದ್ದೇನೆ. ಮರುದಿನ ಮತ್ತೆ ಬರುತ್ತಿದ್ದರು.

ಬಿಯರನ್ನು ಅವರು ಒಂದು ತೊಟ್ಟೂ ನಾಲಿಗೆಗೆ ಹಾಕಿದವರಲ್ಲ. ಒಮ್ಮೆ ಕೇಳಿದೆ, ನಿಮ್ಮ ಹರಿಗೋಲು ಹೇಗಿತ್ತು ಚಾಚಾ ಅಂತ. ಬಹಳ ಯೋಚನೆ ಮಾಡಿ ಹೇಳಿದರು: "ಬಣ್ಣ ಛಲೋ ಇತ್ತು."

ಕಾರ್ಖಾನೆ ಮುಚ್ಚಿದ್ದು ನಷ್ಟದಿಂದಲ್ಲ. ಸೇಠ್ ಸತ್ತ, ಅವನ ಮಕ್ಕಳು ಮಾರಿದರು. ಕೊಂಡವರು ದೊಡ್ಡ ಕಂಪನಿಯವರು, ಅವರಿಗೆ ತಮ್ಮದೇ ಬಿಯರು ಇತ್ತು. ಅವರಿಗೆ ಬೇಕಾಗಿದ್ದದ್ದು ಲೈಸೆನ್ಸು ಮಾತ್ರ. ಹರಿಗೋಲು ನಿಂತುಹೋಯಿತು. ನಮ್ಮ ಪ್ರೆಸ್ಸಿಗೂ ಲೇಬಲ್ಲು ಬೇಡ ಅಂತ ಫೋನು ಬಂತು, ಅಚ್ಚಾಗಿದ್ದ ಕಡೆಯ ಕಟ್ಟು ಹಾಗೇ ಅಟ್ಟ ಸೇರಿತು. ಸ್ವಲ್ಪ ದಿನಕ್ಕೆ ಕಾರ್ಖಾನೆಯನ್ನೂ ಬೇರೆಡೆಗೆ ಒಯ್ದರು.

ಉಳಿದದ್ದು ಬಾಟಲಿಗಳ ರಾಶಿ. ಬಿಯರಿನ ವ್ಯಾಪಾರದಲ್ಲಿ ಬಾಟಲಿಯೇ ಅರ್ಧ ಆಸ್ತಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆಯಿಂದ ಖಾಲಿ ಬಾಟಲಿ ತಿರುಗಿ ಬರಬೇಕು, ತೊಳೆದು ಮತ್ತೆ ತುಂಬಬೇಕು. ಬೇರೆಯವರು ಕದ್ದು ತುಂಬಬಾರದು ಅಂತಲೇ ಸೇಠ್ ಗಾಜಿನಲ್ಲಿ ಹರಿಗೋಲು ಉಬ್ಬಿಸಿದ್ದ. ಈಗ ಅದೇ ಮುಳುವಾಯಿತು. ಹರಿಗೋಲು ಇರುವ ಬಾಟಲಿಯಲ್ಲಿ ಹೊಸ ಕಂಪನಿ ತನ್ನ ಬಿಯರು ತುಂಬುವಂತಿಲ್ಲ, ಬಿಟ್ಟರೆ ಇನ್ಯಾರೋ ತುಂಬುತ್ತಾರೆ. ಒಡೆದುಬಿಡಿ, ಗಾಜು ಕರಗಿಸಲು ಕಳಿಸಿ ಅಂತ ಹುಕುಂ ಆಯಿತು. ಬಾಟಲಿ ಗೊತ್ತಿರುವವನು ಬೇಕೆಂದು ಚಾಚಾರನ್ನೇ ಆ ಕೆಲಸಕ್ಕೆ ಹಚ್ಚಿದರು. ಒಂದು ಬೇಸಿಗೆ ಪೂರ್ತಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಬ್ಬಿಣದ ರಾಡು ಹಿಡಿದು ಒಡೆದರು. ಅದರ ಬಗ್ಗೆ ಅವರು ನನ್ನ ಮುಂದೆ ಆಡಿದ್ದು ಒಂದೇ ಮಾತು.

"ಅಷ್ಟು ವರ್ಷ ಒಡದದ್ದನ್ನ ತಗದು ಬ್ಯಾರೆ ಇಟ್ಟೆ. ಆಮ್ಯಾಲ ಛಲೋ ಇದ್ದದ್ದನ್ನ ನಾನ ಒಡದೆ."

ಅವರ ಮನೆಯಲ್ಲಿ ಹರಿಗೋಲಿನ ಗುರುತು ಎಲ್ಲೆಲ್ಲೋ ಸಿಗುತ್ತಿತ್ತು. ಬಾರುಗಳಿಗೆ ಕೊಡುತ್ತಿದ್ದ ತಗಡಿನ ತಟ್ಟೆ ಅನ್ನದ ಗಡಿಗೆಗೆ ಮುಚ್ಚಳ. ಅಂಗಡಿಗಳ ಮುಂದೆ ತೂಗುಹಾಕುತ್ತಿದ್ದ ಬೋರ್ಡು ಕೋಳಿ ಗೂಡಿನ ಮಾಡು, ಅದನ್ನು ನಾನೇ ಬಿಚ್ಚಿ ತೊಳೆದು ಕೊಟ್ಟೆ. ಆದರೆ ಅವರ ಜೀವವೆಲ್ಲ ಇದ್ದದ್ದು ಹಿಂದಿನ ಕೋಣೆಯ ಟ್ರಂಕಿನಲ್ಲಿ. ಅದರೊಳಗೆ ಗೋಣಿಚೀಲ, ಚೀಲದೊಳಗೆ ಒಂದು ಕಟ್ಟಿಗೆಯ ಕ್ರೇಟು, ಕ್ರೇಟಿನಲ್ಲಿ ಲೇಬಲ್ ಸಮೇತ ಖಾಲಿ ಬಾಟಲಿಗಳು. ಮನೆಯಲ್ಲಿ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಹೆಂಡದ ಬಾಟಲಿ, ಮುಟ್ಟಿದರೆ ನಮಾಜಿಗೆ ಮತ್ತೆ ಕೈಕಾಲು ತೊಳೆದು ವುಜೂ ಮಾಡಬೇಕು ಅಂತ ಮಗ ಗೊಣಗುತ್ತಿದ್ದ.

ಬಹಳ ವರ್ಷದ ಸಲುಗೆಯ ಮೇಲೆ ಚಾಚಾ ನನಗೆ ಅದನ್ನು ತೋರಿಸಿದರು. ಆಗಲೇ ಕಣ್ಣು ಮಂಜಾಗಿದ್ದವು. ಒಂದು ಬಾಟಲಿ ಎತ್ತಿ, ಅಭ್ಯಾಸದಂತೆ ಬೆಳಕಿಗೆ ಹಿಡಿದು, ಆಮೇಲೆ ಹೆಬ್ಬೆರಳಿನ ಉಗುರನ್ನು ಲೇಬಲ್ಲಿನ ಅಂಚಿನ ಮೇಲೆ ಮೇಲಿನಿಂದ ಕೆಳಗೆ ಸರಿಸಿದರು. ಒಂದು ಕಡೆ ಉಗುರು ತಡೆಯಿತು. ಅಲ್ಲಿ ಒಂದು ಕಚ್ಚು ಇತ್ತು, ಅಕ್ಕಿ ಕಾಳು ಕೂರುವಷ್ಟು.

ಅದು ತಾರೀಕಿನ ಗುರುತು. ನಮ್ಮಲ್ಲಿ ಅಚ್ಚಾಗಿ ಹೋದ ಲೇಬಲ್ಲಿನ ಅಂಚು ನೆಟ್ಟಗೇ ಇರುತ್ತಿತ್ತು. ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ ಆ ದಿನದ ಕಟ್ಟನ್ನು ಹಿಡಿಕೆಯಲ್ಲಿ ಬಿಗಿದು, ಎರಡೂ ಅಂಚಿಗೆ ಅರದಿಂದ ಒಂದೊಂದು ಗೀಟು ಎಳೆಯುತ್ತಿದ್ದರು. ಎಡ ಅಂಚಿನಲ್ಲಿ ಕಚ್ಚು ಎಷ್ಟು ಕೆಳಗಿದೆಯೋ ಅದು ತಿಂಗಳು, ಬಲ ಅಂಚಿನಲ್ಲಿ ದಿನ. ಯಾವ ಬಾಟಲಿ ಎಂದು ತುಂಬಿದ್ದು ಅಂತ ಅಂಗಡಿಯವನಿಗೂ ಗೊತ್ತಾಗಬೇಕಲ್ಲ. ಆ ಗೀಟು ಎಳೆಯುವ ಕೆಲಸವೂ ಚಾಚಾರದೇ. ವರ್ಷ ಹೇಗೆ ಗೊತ್ತಾಗುತ್ತದೆ ಅಂದೆ. ತಮ್ಮ ಹಣೆ ಮುಟ್ಟಿ ತೋರಿಸಿದರು.

ಬದುಕಿನಲ್ಲಿ ಏನಾದರೂ ನಡೆದ ದಿನ ಅವರು, ಮಲಗಿಸಿದ ಬಾಟಲಿಗಳಲ್ಲಿ ಒಂದನ್ನು ಬಗ್ಗಿಸಿ ಖಾಲಿ ಮಾಡಿ, ಆ ದಿನದ ಲೇಬಲ್ಲು ಅಂಟಿಸಿ, ಮ್ಯಾನೇಜರಿಗೆ ಹೇಳಿಯೇ ಮನೆಗೆ ತರುತ್ತಿದ್ದರು. ಬೇರೆಯವರು ಫೋಟೋ ತೆಗೆಸಿಕೊಳ್ಳುತ್ತಾರೆ, ಇವರಿಗೆ ಅದೇ ಫೋಟೋ. ಒಂದು, ಕೆಲಸಕ್ಕೆ ಸೇರಿದ ದಿನ. ಒಂದು, ನಿಕಾಹ್ ಆದ ಮರುದಿನ. ಒಂದು, ಮಗ ಹುಟ್ಟಿದ ಸುದ್ದಿ ಪಾಳಿಯ ನಡುವೆ ಬಂದ ದಿನ. ಡ್ಯಾಮಿನ ಗೇಟುಗಳನ್ನೆಲ್ಲ ಎತ್ತಿ, ನೀರು ಕಾರ್ಖಾನೆಯ ಹಿಂದಿನ ಗೋಡೆಗೆ ಬಡಿದ ದಿನ. ಹೆಂಡತಿ ಹೋದ ದಿನ. ಆ ದಿನವೂ ಬೆಳಿಗ್ಗೆ ಪಾಳಿಗೆ ಹೋಗಿದ್ದರಂತೆ, ಸುದ್ದಿ ಬಂದದ್ದು ಮಧ್ಯಾಹ್ನ. ಕಡೆಯದು, ಹರಿಗೋಲು ತುಂಬಿದ ಕೊನೆಯ ದಿನ. ಕೆಲವು ದಿನಗಳು ಏನೆಂದು ಅವರಿಗೇ ನೆನಪಿರಲಿಲ್ಲ. ಉಗುರು ಎಳೆದು, ಕಚ್ಚು ಸಿಕ್ಕ ಮೇಲೆ, ಹಾಂ ಅಂತ ತಲೆ ಆಡಿಸಿ ಆಮೇಲೆ ಹೇಳುತ್ತಿದ್ದರು.

"ನಾನು ಹೋಗೂದ್ರೊಳಗ ಇವನ್ನ ಯಾರಿಗರ ಒಂದ್ಸಲ ಓದಿ ಹೇಳಬೇಕು," ಅಂದರು. "ಮನ್ಯಾಗ ಕೇಳಾಕ ಯಾರೂ ಒಲ್ಲರು."

ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಕೇಳಿ ಇಟ್ಟುಕೊಳ್ಳುವ ಒಬ್ಬರು. ನಾನು ಕೇಳಿದ್ದು ಲೆಕ್ಕಕ್ಕಿರಲಿಲ್ಲ, ನಾನೂ ನಾಳೆಯೋ ನಾಡಿದ್ದೋ ಹೋಗುವವನೇ. ನಾನು ಆ ತಟ್ಟೆ, ಬೋರ್ಡು, ಕ್ರೇಟು ಎಲ್ಲದರ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಬೆಂಗಳೂರಿನಿಂದ ಒಬ್ಬರು ಫೋನು ಮಾಡಿದರು. ಹಳೆಯ ಬಿಯರ್ ಕಂಪನಿಗಳ ಸಾಮಾನು ಕೂಡಿಸುವುದು ಅವರ ಹವ್ಯಾಸ. ಮುಚ್ಚಿಹೋದ ಕಾರ್ಖಾನೆಗಳಿಗೆಂದೇ ತಮ್ಮ ಮನೆಯ ಕೆಳಗೆ ಒಂದು ದೊಡ್ಡ ಕೋಣೆ ಮಾಡಿದ್ದಾರಂತೆ. ಹರಿಗೋಲಿನ ಹೆಸರು ಅವರು ಕೇಳಿದ್ದರು, ಒಂದು ಬಾಟಲಿಯೂ ಕಣ್ಣಿಗೆ ಬಿದ್ದಿರಲಿಲ್ಲ. ಚಾಚಾರಿಗೆ ಫೋನು ಕೊಟ್ಟೆ. ದುಡ್ಡಿನ ಮಾತು ಬಂದಾಗ ಇವರು ಬೇಡ ಅಂದರು. ಕ್ರೇಟು ಒಯ್ಯಿರಿ, ಆದರೆ ಒಂದೊಂದು ಬಾಟಲಿಯದೂ ಕೂತು ಕೇಳಬೇಕು, ಕೇಳಿದ್ದನ್ನು ಅದರ ಮುಂದೆ ಬರೆದಿಡಬೇಕು ಅಂತ ಷರತ್ತು ಹಾಕಿದರು. ಆ ಮನುಷ್ಯ ಖುಷಿಯಿಂದ ಒಪ್ಪಿದ. ಮುಂದಿನ ಭಾನುವಾರ ಬರುತ್ತೇನೆ ಅಂದ.

ಆ ವಾರ ಚಾಚಾ ಪ್ರೆಸ್ಸಿನಲ್ಲಿ ಕೂತಲ್ಲಿ ಕೂರಲಿಲ್ಲ. ಎಂದೂ ಇಲ್ಲದವರು ಗಡ್ಡ ಕತ್ತರಿಸಿಕೊಂಡು ಬಂದರು. ಗಿರಾಕಿಗಳಿಗೆ ಒಂದು ಕುಹಕವನ್ನೂ ಆಡಲಿಲ್ಲ.

ಶನಿವಾರ ಮಗ ಅವರನ್ನು ಕಣ್ಣು ತೋರಿಸಲು ಕೊಪ್ಪಳಕ್ಕೆ ಕರೆದುಕೊಂಡು ಹೋದ. ಹೋಗುವ ಮುಂದೆ ಹೆಂಡತಿಗೆ ಹೇಳಿದ್ದ, ನಾಳೆ ದೊಡ್ಡ ಊರಿನವರು ಬರುತ್ತಾರೆ, ಆ ಕೋಣೆ ಸ್ವಚ್ಛ ಮಾಡು ಅಂತ. ಸೊಸೆ ಯಲಬುರ್ಗಾದ ಹುಡುಗಿ. ಅವಳ ತಾಯಿ ಗಾಣದಿಂದ ಕುಸುಬೆ ಎಣ್ಣೆ ತಂದು ಹಳೆಯ ಬಾಟಲಿಗಳಲ್ಲಿ ತುಂಬಿ ಮನೆಮನೆಗೆ ಮಾರಿ ಮಕ್ಕಳನ್ನು ಸಾಕಿದವರು. ಮಾವನ ಮೇಲೆ ಆ ಹುಡುಗಿಗೆ ಬಹಳ ಅಕ್ಕರೆ. ಮನೆಯವರು ಯಾರೂ ಮುಟ್ಟದ ಟ್ರಂಕನ್ನು ಅವಳು ತೆರೆದಳು. ಅಬ್ಬಾರ ಸಾಮಾನು ನಾಳೆ ಬಂದವರ ಮುಂದೆ ಫಳಫಳ ಹೊಳೆಯಬೇಕು ಅಂತ ಬಚ್ಚಲ ಒಲೆಗೆ ನೀರು ಇಟ್ಟಳು, ವಾಷಿಂಗ್ ಸೋಡಾ ಹಾಕಿದಳು, ಬಾಟಲಿಗಳನ್ನೆಲ್ಲ ಅದರಲ್ಲಿ ನೆನೆಹಾಕಿದಳು.

ಸಂಜೆ ಐದರ ಸುಮಾರಿಗೆ ಅವಳು ನನ್ನ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸ್ಟೀಲ್ ಡಬ್ಬಿ. ಒಳಗೆ ನೆಂದ ಅವಲಕ್ಕಿಯ ಹಾಗೆ ಕಾಗದದ ಮುದ್ದೆ. ನೆರೆಮನೆಯ ಹುಡುಗ ಫೇಸ್‌ಬುಕ್ಕಿನ ಫೋಟೋ ತೋರಿಸಿ, ಲೇಬಲ್ಲಿಗೇ ಬೆಲೆ ಅಂತ ಹೇಳಿದ ಮೇಲೆ ಅವಳಿಗೆ ತಾನು ಮಾಡಿದ್ದು ತಿಳಿದದ್ದು.

"ನಮ್ಮ ತವರಾಗ ಕಾಗದ ಇದ್ದ ಬಾಟಲಿ ಅಂದ್ರ ತೊಳೀದ ಬಾಟಲಿ ಅಣ್ಣಾರ," ಅಂದಳು. ಅಳಲೂ ಬರದ ಹಾಗೆ ಹೆದರಿದ್ದಳು.

ಬೈಯಬೇಕು ಅನ್ನಿಸಿತು. ಯಾರನ್ನು ಬೈಯಲಿ? ಅಟ್ಟದ ಮೇಲಿನ ಕಟ್ಟು ನೆನಪಾಯಿತು. ಏಣಿ ಹಾಕಿ ಹತ್ತಿ, ದೂಳು ಕೊಡವಿ ಇಳಿಸಿದೆ. ಅಪ್ಪನ ಕೈಯ ಹರಿಗೋಲುಗಳು, ಸ್ವಲ್ಪ ಹಳದಿಯಾಗಿದ್ದವು, ಅಷ್ಟೇ. ಮೈದಾ ಅಂಟು ಕಾಯಿಸಿಕೊಂಡು ಅವರ ಮನೆಗೇ ಹೋದೆ. ಬಾಟಲಿಗಳು ಹಿತ್ತಲ ಕಟ್ಟೆಯ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದವು. ಇಬ್ಬರೂ ಕೂತು ಅಂಟಿಸಿದೆವು. ನಾಲ್ಕಾರು ಆದ ಮೇಲೆ ನನ್ನ ಕೈ ನಿಂತಿತು. ಅಂಚು ನೆಟ್ಟಗಿತ್ತು. ನಮ್ಮ ಪ್ರೆಸ್ಸಿನಿಂದ ಹೋದ ಹಾಗೆಯೇ.

ಅವಳಿಗೆ ಕಚ್ಚಿನ ವಿಷಯವೇ ಗೊತ್ತಿರಲಿಲ್ಲ. ಹೇಳಿದೆ. ಡಬ್ಬಿಯ ಮುದ್ದೆಯನ್ನು ಸುರುವಿ ಅಂಚು ಹುಡುಕಿದೆವು, ಎಲ್ಲ ಹಿಟ್ಟು. ಯಾವ ಬಾಟಲಿಗೆ ಯಾವ ದಿನ ಅಂತ ಹೇಳುವ ವಸ್ತು ಲೋಕದಲ್ಲಿ ಉಳಿದಿರಲಿಲ್ಲ. ಕತ್ತರಿಯಿಂದ ಎಲ್ಲೋ ಒಂದು ಕಡೆ ಕಚ್ಚು ಹಾಕಿಬಿಡೋಣವೇ ಅಂತ ನಾನೇ ಕೇಳಿದೆ.

"ಬ್ಯಾಡ್ರಿ," ಅಂದಳು. "ಸುಳ್ಳು ದಿನ ಬ್ಯಾಡ. ಖಾಲಿ ಇರ್ಲಿ. ಅಬ್ಬಾ ಬಂದ ಕೂಡ್ಲೆ ನಾನ ಹೇಳ್ತೀನಿ."

ಹೇಳುವವಳೇ. ಆದರೆ ರಾತ್ರಿ ಊಟದ ಹೊತ್ತಿಗೆ ಅವರು ಕೊಪ್ಪಳದಿಂದ ಬಂದಾಗ ಮಗ ಮುಖ ಇಳಿಬಿಟ್ಟಿದ್ದ. ಕಣ್ಣಿನ ಒಳಗಿನ ನರ ಹೋಗಿದೆ, ಇನ್ನು ಮುಂದೆ ಮಾಡುವುದೇನೂ ಇಲ್ಲ, ಬೆಳಕು ಕತ್ತಲೆ ಕಾಣುವುದಷ್ಟೇ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಚಾಚಾ ಊಟ ಬೇಡ ಅಂದು ಮಲಗಿದರು. ಮಲಗುವ ಮುಂದೆ ಸೊಸೆಗೆ ಹೇಳಿದರಂತೆ, ಇರ್ಲಿ ಬಿಡು, ಹೆಬ್ಬೆರಳು ಐತಲ್ಲ ಅಂತ. ಆ ಮಾತಿನ ಮೇಲೆ ಅವಳು, ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡಳು. ಆದರೆ ಬೆಂಗಳೂರಿನವನು ಹಿಂದಿನ ರಾತ್ರಿಯೇ ಹೊಸಪೇಟೆಗೆ ಬಂದು ಉಳಿದಿದ್ದ, ಬೆಳಿಗ್ಗೆ ಚಹದ ಹೊತ್ತಿಗೇ ಬಾಗಿಲಲ್ಲಿ ನಿಂತ.

ನಾನು ಹೋಗುವಷ್ಟರಲ್ಲಿ ಕೋಣೆಯಲ್ಲಿ ಚಾಪೆ ಹಾಸಿತ್ತು. ಬಂದವನು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ರೆಕಾರ್ಡಿಂಗ್ ಶುರು ಮಾಡಿದ್ದ. ಕ್ರೇಟು ನೋಡಿ ಅವನ ಕಣ್ಣು ಅರಳಿದ್ದವು. ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ, ನಿನ್ನೆ ಅಂಟಿಸಿದ ಹಾಗಿದೆ ಅಂದ. ಸೊಸೆ ಬಾಗಿಲ ಪರದೆಯ ಬಳಿ ಚಹದ ತಟ್ಟೆ ಹಿಡಿದು ಕಂಬದ ಹಾಗೆ ನಿಂತಿದ್ದಳು.

ಚಾಚಾ ಮೊದಲ ಬಾಟಲಿ ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಉಗುರು ಎಡ ಅಂಚಿನ ಮೇಲೆ ಇಳಿಯಿತು. ತಡೆಯಲಿಲ್ಲ. ಮತ್ತೆ ಮೇಲಿನಿಂದ ಎಳೆದರು. ಬಲ ಅಂಚಿಗೆ ಬಂದರು. ಹೆಬ್ಬೆರಳನ್ನು ಬಾಯಲ್ಲಿ ಇಟ್ಟು ಒದ್ದೆ ಮಾಡಿಕೊಂಡು, ಲುಂಗಿಗೆ ಒರೆಸಿ ಇನ್ನೊಮ್ಮೆ ಎಳೆದರು. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಅವರು ಬಾಟಲಿಯನ್ನು ಮೆಲ್ಲಗೆ ಚಾಪೆಯ ಮೇಲೆ ನಿಲ್ಲಿಸಿ, ತಾವು ಕೆಲಸಕ್ಕೆ ಸೇರಿದ ದಿನದ ಕಥೆ ಹೇಳಿದರು. ಎರಡನೆಯದಕ್ಕೂ ಹಾಗೇ ಉಗುರು ಎಳೆದು, ನಿಕಾಹ್. ಮೂರನೆಯದು, ಮಗ. ಕ್ರೇಟಿನಲ್ಲಿ ತಾವು ಜೋಡಿಸಿಟ್ಟ ಸಾಲನ್ನು ನೆನಪಿಟ್ಟುಕೊಂಡು ಹೇಳುತ್ತಿದ್ದರು. ಸಾಲು ಹಿತ್ತಲ ಕಟ್ಟೆಯ ಮೇಲೆಯೇ ಕಲೆತುಹೋಗಿತ್ತು, ಅದು ಅವರಿಗೆ ಗೊತ್ತಿಲ್ಲ. ಹೆಂಡತಿ ಹೋದ ದಿನವನ್ನು ಯಾವುದೋ ಬಾಟಲಿ ಹಿಡಿದು ಹೇಳಿದರು. ದನಿ ಮಾತ್ರ ಆ ದಿನದ್ದೇ ಆಗಿತ್ತು. ಬಂದವನು ಕನ್ನಡಕ ತೆಗೆದು ಒರೆಸಿಕೊಂಡ.

ಕಡೆಗೆ ಒಂದು ಬಾಟಲಿ ಬಂತು. ಉಗುರು ಹೋಯಿತು, ಬಂತು, ಹೋಯಿತು. ಅದು, ಕಚ್ಚು ಸಿಕ್ಕ ಮೇಲಷ್ಟೇ ಅವರಿಗೆ ನೆನಪಾಗುತ್ತಿದ್ದ ದಿನಗಳಲ್ಲಿ ಒಂದಿರಬೇಕು. ತುಟಿ ಅಲುಗಾಡಿದವು. ಬಂದವನು, ಇದು ಯಾವ ದಿನ ಸರ್ ಅಂತ ಕೇಳಿದ. ಚಾಚಾ ಆ ಬಾಟಲಿಯನ್ನೂ ಉಳಿದವುಗಳ ಪಕ್ಕ ನಿಲ್ಲಿಸಿದರು.

"ಇದೂ ಒಂದು ದಿನಾನ ಇತ್ರಿ," ಅಂದರು.

ಅವನು ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು ಹೋದ. ಅವನನ್ನು ಕಳಿಸಿ ಮಗ ಅಂಗಡಿಗೆ ಹೋದ. ಕೋಣೆಯಲ್ಲಿ ನಾವು ಮೂವರೇ. ಚಾಚಾ ತಮ್ಮ ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದು ತಿಕ್ಕುತ್ತಾ ಕೂತಿದ್ದರು. ನಾನೇ ಹೇಳಿಬಿಡಲೇ, ಅವಳೇ ಹೇಳಲೇ ಅಂತ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

"ಪ್ರೆಸ್ಸಿನವ್ರ, ಕಣ್ಣಿನ ಜೋಡಿ ಬೆರಳೂ ಹೋತು ನೋಡ್ರಿ. ಒಂದೂ ಹತ್ತಲಿಲ್ಲ."

ಸೊಸೆ ಅಲ್ಲೇ ಅವರ ಕಾಲ ಬಳಿ ಕುಸಿದಳು. ಮನೆಯಲ್ಲಿ ಅವರು ಮಾತಾಡುವುದು ಉರ್ದು. ನನಗೂ ತಿಳಿಯಲಿ, ನಾನು ಸಾಕ್ಷಿ ಇರಲಿ ಅಂತಲೋ ಏನೋ ಅವಳು ಕನ್ನಡದಲ್ಲೇ ಹೇಳಿದಳು.

"ನಿಮ್ಮ ಬೆರಳು ಬರೋಬ್ಬರಿ ಐತಿ, ಅಬ್ಬಾ. ಕಚ್ಚು ಇರಲಿಲ್ಲ. ನಾನು ತೊಳದೆ."

ಸೋಡಾ, ನೆನೆಹಾಕಿದ್ದು, ಡಬ್ಬಿ, ಅಟ್ಟದ ಕಟ್ಟು, ಎಲ್ಲ ಹೇಳಿದಳು. ಚಾಚಾ ಮುಖ ಎತ್ತಿ ಕಿಟಕಿಯ ಕಡೆ ಇಟ್ಟುಕೊಂಡೇ ಕೇಳಿದರು. ಮುಗಿದ ಮೇಲೆ ನಾನು ಮೊಬೈಲ್ ತೆಗೆದು, ಅವನು ಇನ್ನೂ ದೂರ ಹೋಗಿರುವುದಿಲ್ಲ, ತಿರುಗಿ ಕರೆದು ಇದ್ದದ್ದು ಹೇಳುತ್ತೇನೆ ಅಂದೆ. ಅವರು ಕೈ ಆಡಿಸಿ ಬೇಡ ಅಂದರು.

"ಏನಂತ ಹೇಳ್ತೀರಿ? ಬಾಟಲಿ ಖರೇ ಐತಿ, ಲೇಬಲ್ ನಿಮ್ಮಪ್ಪಾರದ ಐತಿ. ದಿನ ಅಷ್ಟ ಇಲ್ಲ. ಇರ್ಲಿ, ಹರಿಗೋಲು ಅಂತ ಒಂದು ಕಡೀಗೆ ಹೆಸರಿರ್ಲಿ."

ಅವಳು ಅವರ ಪಾದದ ಮೇಲೆ ಹಣೆ ಇಟ್ಟು ಅಳುತ್ತಿದ್ದಳು. ಚಾಚಾ ಅವಳ ತಲೆಯ ಮೇಲೆ ಕೈ ಇಟ್ಟರು. ಸಿಟ್ಟಿನ ಒಂದು ಎಳೆಯೂ ಇರಲಿಲ್ಲ. ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು.

"ನೀ ಹೇಳಬಾರದಿತ್ತು ಬೇಟಿ. ಬೆರಳು ಹೋಗಿದ್ರ ನಡೀತಿತ್ತು. ದಿನ ಬಾಟಲಿ ಮ್ಯಾಲ ಅಲ್ಲೇ ಇರ್ತಿದ್ವು."

ಆಮೇಲೆ ಬಾಯಾರಿಕೆ ಅಂದರು. ಅವಳು ಕಣ್ಣೊರೆಸಿಕೊಂಡು ಒಳಗೆ ಹೋಗಿ, ಇದ್ದದ್ದರಲ್ಲೇ ತಿಳಿಯಾದ ಗಾಜಿನ ಲೋಟದಲ್ಲಿ ನೀರು ತಂದಳು. ಕಿಟಕಿ ಅವರ ಎದುರಿಗೇ ಇತ್ತು, ಬಿಸಿಲು ಒಳಗೆ ಬಿದ್ದಿತ್ತು. ಚಾಚಾ ಲೋಟ ತೆಗೆದುಕೊಂಡವರು ಮೇಲೆ ಎತ್ತಲಿಲ್ಲ. ನೇರವಾಗಿ ಬಾಯಿಗಿಟ್ಟು ಕುಡಿದು ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟರು. ಅದಾದ ಮೇಲೆ ಅವರು ಬದುಕಿದ್ದ ಅಷ್ಟೂ ದಿನ, ಯಾರು ಏನು ಕೊಟ್ಟರೂ ಹಾಗೆಯೇ ಕುಡಿದರು.